ಬದಲಾಗದ ಪುಟ

ಅಡುಗೆಮನೆಯ ಕಟ್ಟೆಯ ಮೇಲೆ ಚಹಾ ಆರಿಹೋಗಿತ್ತು. ಕೆನೆಗಟ್ಟಿ, ಲೋಟದ ಅಂಚಿಗೆ ಕಂದು ಗೆರೆಯೊಂದು ಅಂಟಿಕೊಂಡಿತ್ತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದವನು ಕೊಡೆ ಮರೆತು ಹಿಂದಿರುಗಿದ್ದರಿಂದ ಕಣ್ಣಿಗೆ ಬಿತ್ತು, ಇಲ್ಲವಾದರೆ ಬೀಳುತ್ತಿರಲಿಲ್ಲ. ಬೆಳಗಿನ ಚಹಾ ಮಾಡುವವನು ಅವನೇ. ಮದುವೆಯಾದ ಮಾರನೆಯ ದಿನ ಶುರುಮಾಡಿದ್ದು, ಇವತ್ತಿನವರೆಗೂ ತಪ್ಪಿಸಿಲ್ಲ. ಈ ಒಂದು ವಿಷಯದಲ್ಲಿ ತಾನು ಉಳಿದ ಗಂಡಸರಂತಲ್ಲ ಎಂಬ ಜಂಬವೂ ಒಳಗೊಳಗೇ ಇತ್ತು. ಹೆಂಡತಿಗೆ ಲೋಟದ ತುಂಬ, ಅಂಚು ಮುಟ್ಟುವಷ್ಟು. 'ಅಲ್ಲೇ ಇಡಿ, ಕುಡೀತೀನಿ' ಎಂದಿದ್ದಳು. ನಿನ್ನೆಯೂ ಹಾಗೇ ಎಂದಿದ್ದಳಲ್ಲವೇ? ಮೊನ್ನೆ? ಬಚ್ಚಲಮನೆಯಲ್ಲಿ ನೀರು ಸುರಿಯುವ ಸದ್ದಾಗುತ್ತಿತ್ತು. ಕೂಗಿ ಕೇಳೋಣವೆಂದು ಬಾಯಿ ತೆರೆದ. ಆದರೆ ಬಚ್ಚಲಮನೆಯ ಬಾಗಿಲಿನಾಚೆಗೆ ಚಹಾದ ವಿಚಾರಣೆ ಮಾಡುವುದು ಯಾಕೋ ಕ್ಷುಲ್ಲಕವೆನಿಸಿತು. ಬಸ್ಸು ಬೇರೆ ತಪ್ಪುತ್ತಿತ್ತು. ಕೊಡೆ ಎತ್ತಿಕೊಂಡು ಹೊರಟ.

ಒಂದು ದಿನ ಚಹಾ ಕುಡಿಯದಿದ್ದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಬಸ್ಸಿನಲ್ಲಿ ನಿಂತು ಹಿಡಿಕೆಗೆ ಜೋತುಬಿದ್ದುಕೊಂಡು ಇದನ್ನೇ ತನಗೆ ತಾನೇ ಹೇಳಿಕೊಂಡ. ಆದರೂ ಮನಸ್ಸು ಆ ಲೋಟದ ಸುತ್ತಲೇ ಸುಳಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತವನ ಸ್ವೆಟರಿನ ತೋಳಿನಿಂದ ನೂಲಿನ ಎಳೆಯೊಂದು ಬಿಚ್ಚಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು. ಎಳೆದರೆ ಇಡೀ ತೋಳೇ ಬಿಚ್ಚಿಕೊಂಡೀತು. ಅವಳು ಹಸಿರು ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದಳು, ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ಮಡಿಸಿ ಕೂತು. ಒಂದು ಗೇಣು ಹೆಣೆದು ಮತ್ತೆ ಅಷ್ಟನ್ನೂ ಬಿಚ್ಚುತ್ತಿದ್ದಳು. 'ಈ ಸ್ವೆಟರ್ ಮುಗಿಯೋ ಹೊತ್ತಿಗೆ ನನ್ನ ಹೊಟ್ಟೆ ಇನ್ನೊಂದು ಸುತ್ತು ಬಂದಿರತ್ತೆ, ಮತ್ತೆ ಬಿಚ್ಚಬೇಕಾಗತ್ತೆ' ಎಂದು ಅವನು ರೇಗಿಸಿದ್ದಕ್ಕೆ ನಕ್ಕಿದ್ದಳು. ಉಣ್ಣೆಯ ಉಂಡೆ ಉರುಳಿ ಮಂಚದ ಕೆಳಗೆ ಹೋಗಿತ್ತು. ಅವನು ಬೋರಲು ಮಲಗಿ, ಧೂಳಿನಲ್ಲಿ ತೆವಳಿ ತಂದುಕೊಟ್ಟಿದ್ದ. ಹೆಂಡತಿ ಎಂದೊಡನೆ ಅವನ ಕಣ್ಣೆದುರು ಬರುವ ಚಿತ್ರ ಅದೇ. ಕಿಟಕಿಯ ಬೆಳಕು, ಹಸಿರು ಉಣ್ಣೆ, ತಾಳ್ಮೆಯಿಂದ ಬಿಚ್ಚಿ ಮತ್ತೆ ಹೆಣೆಯುವ ಕೈಗಳು. ತನ್ನ ಹೆಂಡತಿಯಷ್ಟು ತಾಳ್ಮೆ ಇರುವವರನ್ನು ತಾನು ಕಂಡಿಲ್ಲ ಎಂದು ಎಷ್ಟೋ ಜನರಿಗೆ ಹೇಳಿದ್ದ. ಆ ಸ್ವೆಟರ್ ಮುಗಿಯಿತೇ? ಮುಗಿದಿದ್ದರೆ ತನ್ನ ಮೈಮೇಲೆ ಇರಬೇಕಿತ್ತಲ್ಲ. ನಿರ್ವಾಹಕ ಬೆನ್ನು ತಟ್ಟಿ ಇಳಿಯುವ ಜಾಗ ಬಂತೆಂದು ಹೇಳಿದಾಗ ಬೆಚ್ಚಿದ.

ಅವನ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಮೆಟ್ಟಿಲಿನ ಕೆಳಗಿತ್ತು. ಕಿಟಕಿಯಿಲ್ಲ. ಯಂತ್ರಗಳಿಗೆ ಸೆಖೆಯಾಗದಿರಲೆಂದು ಹಾಕಿದ ತಣ್ಣನೆಯ ಗಾಳಿಯಲ್ಲಿ ಅವನು ಬೇಸಿಗೆಯಲ್ಲೂ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂರುತ್ತಿದ್ದ. ಆಸ್ಪತ್ರೆಯವರೆಲ್ಲ ಅವನನ್ನು 'ಇಂಟರ್ನೆಟ್ ಸಾಹೇಬರು' ಎಂದು ಕರೆಯುತ್ತಿದ್ದರು. ಗೌರವಕ್ಕೋ ಗೇಲಿಗೋ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೂಲೆಯ ಕಪಾಟಿನಲ್ಲಿ ಹಸಿರು ದೀಪ ಮಿಟುಕಿಸುತ್ತಿದ್ದ ಯಂತ್ರವೇ ಪ್ರಾಕ್ಸಿ. ಆಸ್ಪತ್ರೆಯಲ್ಲಿ ಯಾರು ಯಾವ ಪುಟ ತೆರೆದರೂ ಬೇಡಿಕೆ ಮೊದಲು ಬರುವುದು ಇದರ ಬಳಿಗೆ. ಅದು ಹೊರಗೆ ಹೋಗಿ ಪುಟ ತಂದುಕೊಡುತ್ತದೆ, ಕೊಡುವಾಗ ಒಂದು ಪ್ರತಿಯನ್ನು ತನ್ನಲ್ಲಿಟ್ಟುಕೊಳ್ಳುತ್ತದೆ. ಮುಂದೆ ಇನ್ನೊಬ್ಬರು ಅದೇ ಪುಟ ಕೇಳಿದರೆ ಹೊರಗೆ ಹೋಗುವ ಗೋಜಿಲ್ಲ, ಇಟ್ಟುಕೊಂಡದ್ದನ್ನೇ ಎತ್ತಿ ಕೊಡುತ್ತದೆ. ಕೇಳಿದವರಿಗೆ ಅದು ಪ್ರತಿಯೆಂದು ಗೊತ್ತೂ ಆಗುವುದಿಲ್ಲ. ತಾವು ಕೇಳಿದ್ದು ಕಣ್ಣು ಮಿಟುಕಿಸುವುದರೊಳಗೆ ಬಂತಲ್ಲ ಎಂಬ ಸಂತೋಷ ಅವರಿಗೆ.

ಆದರೆ ಆ ಪ್ರತಿಯನ್ನು ಎಷ್ಟು ಕಾಲ ನಂಬಬಹುದು? ಈ ಪ್ರಶ್ನೆ ಅವನಿಗೆ ಇಷ್ಟವಾಗಿತ್ತು. ಕೆಲವು ಪುಟಗಳು ತಾವು ಯಾವಾಗ ಹಳತಾಗುತ್ತೇವೆಂದು ತಾವೇ ಹಣೆಯ ಮೇಲೆ ಬರೆದುಕೊಂಡು ಬರುತ್ತವೆ. ಅವುಗಳ ಬಗ್ಗೆ ತಲೆಬಿಸಿಯಿಲ್ಲ. ಏನೂ ಹೇಳದೆ ಬರುವ ಪುಟಗಳೇ ಹೆಚ್ಚು. ಅಂಥವುಗಳ ವಿಷಯದಲ್ಲಿ ಯಂತ್ರ ಅಂದಾಜು ಮಾಡಬೇಕು. ಪುಟ ಕೊನೆಯ ಸಲ ಬದಲಾದದ್ದು ಯಾವಾಗ ಎಂದು ನೋಡುತ್ತದೆ. ನಿನ್ನೆ ಬದಲಾಗಿದ್ದರೆ ಇವತ್ತೂ ಬದಲಾದೀತು, ಬೇಗ ಬೇಗ ಹೋಗಿ ಕೇಳಬೇಕು. ಬಹುಕಾಲದಿಂದ ಬದಲಾಗದೆ ಕೂತಿದ್ದರೆ ಇನ್ನು ಮುಂದೆಯೂ ಹಾಗೇ ಕೂತಿರುತ್ತದೆ, ಆದ್ದರಿಂದ ಆ ಕಾಲದ ಹತ್ತನೆಯ ಒಂದು ಪಾಲಿನಷ್ಟು ದಿನ ಕಣ್ಣುಮುಚ್ಚಿ ನಂಬಬಹುದು. ಗಡುವು ಮುಗಿದ ಮೇಲೆ ಮೂಲಕ್ಕೆ ಹೋಗಿ, ನನ್ನ ಬಳಿ ಇರುವ ಪ್ರತಿ ಇಂಥ ದಿನದ್ದು, ಆಮೇಲೆ ಏನಾದರೂ ಬದಲಾಗಿದೆಯೇ ಎಂದು ಕೇಳಬೇಕು. ಇಲ್ಲವೆಂದರೆ ಹಳೆಯದೇ ಮತ್ತೆ ಹೊಸತಾಗುತ್ತದೆ. ಎಂಥ ಲೋಕಜ್ಞಾನ ಎಂದು ಅವನಿಗನಿಸಿತ್ತು. ಮನುಷ್ಯರೂ ಹೀಗೇ ಅಲ್ಲವೇ. ಡಾಕ್ಟರುಗಳೆಲ್ಲ ನೆಟ್ ಆಮೆಯಂತೆ ತೆವಳುತ್ತದೆಂದು ಗಲಾಟೆ ಮಾಡಿದಾಗ ಆ ಹತ್ತನೆಯ ಒಂದು ಪಾಲನ್ನು ಅರ್ಧಕ್ಕೆ ಏರಿಸಿ, ಹೆಚ್ಚೆಂದರೆ ಇಷ್ಟೇ ದಿನ ಎಂಬ ಮೇಲ್ಮಿತಿಯನ್ನೂ ತೆಗೆದುಹಾಕಿದ್ದ. ಯಂತ್ರ ಹೊರಗೆ ಹೋಗಿ ಕೇಳುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತು. ಎಲ್ಲವೂ ಚಕಚಕನೆ ಬರತೊಡಗಿತು. ಮಾತಿಗೆ ಸುಂಕ ಕಟ್ಟಬೇಕೇನೋ ಎಂಬಂತೆ ಬಾಯಿ ಬಿಗಿದುಕೊಂಡಿರುವ ಸೂಪರಿಂಟೆಂಡೆಂಟರು ಸಭೆಯಲ್ಲಿ 'ಈಗ ಪರವಾಗಿಲ್ಲ' ಎಂದಿದ್ದರು. ಆ ಎರಡು ಪದಗಳನ್ನು ಅವನು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದ. ಅವಳು ಅದಕ್ಕೇನೆಂದಳು? ಏನೋ ಹೇಳಲು ಬಂದಿದ್ದಳು, ಅವಳದ್ದೂ ಏನೋ ಇತ್ತು ಆ ದಿನ. ನೆನಪಾಗಲಿಲ್ಲ.

ಫೋನು ಬಡಿದುಕೊಂಡಿತು. ಡಯಾಲಿಸಿಸ್ ವಾರ್ಡಿನ ದೊಡ್ಡ ಸಿಸ್ಟರ್. ವಾರ್ಡಿನ ನರ್ಸುಗಳಿಗೆಲ್ಲ ಹಿರಿಯರು, ಮಾತು ಜೋರು.

"ಸಾಹೇಬ್ರೇ, ನಿಮ್ಮ ಕಂಪ್ಯೂಟರಲ್ಲಿ ಇರೋ ಫೋನ್ ನಂಬರ್ ಪುಟ ಯಾವ ಕಾಲದ್ದು? ಕಿಡ್ನಿ ಡಾಕ್ಟರಿಗೆ ಮಾಡಿದ್ರೆ ಉಗ್ರಾಣಕ್ಕೆ ಹೋಗತ್ತೆ. ಅಲ್ಲಿಯವನು, ಡಾಕ್ಟರ್ ಇಲ್ಲ ಸಿಸ್ಟರ್, ಬಕೆಟ್ ಇದಾವೆ, ಕಳಿಸ್ಲಾ ಅಂತಾನೆ. ಇಲ್ಲಿ ಪೇಷೆಂಟಿಗೆ ಬಿ.ಪಿ. ಬಿದ್ದುಹೋಗಿತ್ತು, ನಾನೇ ಓಡಿಹೋಗಿ ಡಾಕ್ಟರನ್ನ ಎಳಕೊಂಡು ಬಂದೆ."

"ಈಗ ಹೇಗಿದಾರೆ?"

"ಬಚಾವಾದ್ರು. ನನ್ನ ಮಂಡಿ ಬಚಾವಾಗಿಲ್ಲ. ಬಂದು ನೋಡಿ ಸ್ವಲ್ಪ."

ಕೂತಲ್ಲಿಂದಲೇ ಸರಿಮಾಡಬಹುದಿತ್ತು. ಆದರೆ ಹೋದ. ಪೇಷೆಂಟಿನ ವಿಷಯ ಕೇಳಿದ ಮೇಲೆ ಕೂತಿರಲಾಗಲಿಲ್ಲ. ಜೊತೆಗೆ, ಅವನ ಹೆಂಡತಿ ಕೆಲಸ ಮಾಡುವುದು ಅದೇ ವಾರ್ಡಿನಲ್ಲಿ. ಇಷ್ಟು ಹೊತ್ತಿಗೆ ಬಂದಿರುತ್ತಾಳೆ, ಚಹಾ ಯಾಕೆ ಕುಡಿಯಲಿಲ್ಲವೆಂದು ಕೇಳಿಬಿಟ್ಟರೆ ಈ ಕಿರಿಕಿರಿ ಮುಗಿಯುತ್ತದೆ. ಮೆಟ್ಟಿಲೇರುವಾಗ ಉತ್ತರಗಳನ್ನೂ ಅವನೇ ಕೊಟ್ಟುಕೊಂಡ. ಹಲ್ಲುನೋವಿರಬೇಕು. ಸಕ್ಕರೆ ಜಾಸ್ತಿಯಾಗಿರಬೇಕು. 'ನೀವೊಬ್ರು, ಇದಕ್ಕೆ ಇಷ್ಟು ದೂರ ಬಂದ್ರಾ' ಎಂದು ನಗುತ್ತಾಳೆ. ಆ ನಗುವನ್ನು ಕಂಡಷ್ಟೇ ಸ್ಪಷ್ಟವಾಗಿ ಕಲ್ಪಿಸಿಕೊಂಡು, ತಾನೂ ನಗುತ್ತಲೇ ವಾರ್ಡಿನ ಬಾಗಿಲು ತಳ್ಳಿದ.

ಹಾಸಿಗೆಗಳ ಸಾಲಿನ ನಡುವೆ ಯಂತ್ರಗಳು ಒಂದೇ ಲಯದಲ್ಲಿ ಗುಂಯ್‌ಗುಡುತ್ತಿದ್ದವು. ಸಿಸ್ಟರುಗಳ ಮೇಜಿನ ಮೇಲಿನ ಪರದೆಯಲ್ಲಿ ಕೇಂದ್ರ ಕಚೇರಿಯವರು ಇಟ್ಟಿದ್ದ ಪುಟ ತೆರೆದಿತ್ತು: ಯಾವ ವಿಭಾಗದಲ್ಲಿ ಯಾರು, ಅವರ ಫೋನಿನ ನಂಬರು ಯಾವುದು. ತಾನು ಹಳತಾಗುವುದು ಯಾವಾಗ ಎಂದು ಹೇಳದ ಪುಟ. ವರ್ಷಗಟ್ಟಲೆ ಬದಲಾಗದೆ ಇದ್ದದ್ದರಿಂದ ಪ್ರಾಕ್ಸಿ ಅದನ್ನು ತಿಂಗಳುಗಟ್ಟಲೆ ಕೇಳದೆ ನಂಬಿತ್ತು. ನಿವೃತ್ತರಾದ ಡಾಕ್ಟರು ಅಲ್ಲಿ ಇನ್ನೂ ನೌಕರಿಯಲ್ಲಿದ್ದರು. ಡಯಾಲಿಸಿಸ್ ವಿಭಾಗದ ಹೆಸರುಗಳ ನಡುವೆ ಹೆಂಡತಿಯ ಹೆಸರು ಕಂಡು, ಅಪರಿಚಿತ ಊರಿನಲ್ಲಿ ಗುರುತಿನವರು ಸಿಕ್ಕಂತೆ ಅವನಿಗೆ ಸಮಾಧಾನವಾಯಿತು.

"ನನ್ನ ಮನೆಯವಳು ಎಲ್ಲಿ, ಇನ್ನೂ ಬಂದಿಲ್ವಾ?" ಎಂದು ಕೇಳಿದ.

ದೊಡ್ಡ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. ತಮಾಷೆಯೇ ಎಂದು ಅವನ ಮುಖ ಹುಡುಕಿದರು. ಅವನ ಮುಖದಲ್ಲಿ ಆ ನಗು ಇನ್ನೂ ಉಳಿದಿದ್ದರಿಂದ ತಮಾಷೆಯೇ ಇರಬೇಕೆಂದುಕೊಂಡು ಅವರೂ ನಕ್ಕರು, ಆಮೇಲೆ ನಿಲ್ಲಿಸಿದರು.

"ಅವರು ಇಲ್ಲಿಂದ ಹೋಗಿ ಎಷ್ಟು ಕಾಲ ಆಯ್ತು ಸಾಹೇಬ್ರೇ. ಕೆಳಗೆ ಸ್ಟೆರೈಲ್ ರೂಮಲ್ಲಿದಾರಲ್ಲ. ನಿಮಗೆ..."

"ಹೌದು ಹೌದು. ಈ ಪುಟ ನೋಡಿ ತಲೆ ಕೆಟ್ಟುಹೋಯ್ತು ನನಗೂ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಎದುರಿನ ಹಾಸಿಗೆಯಲ್ಲಿ ಮಲಗಿದ್ದ ಮುದುಕರೊಬ್ಬರು, ಮಾಡಲು ಬೇರೆ ಕೆಲಸವಿಲ್ಲದ್ದರಿಂದ, ಅವನನ್ನೇ ನೋಡುತ್ತಿದ್ದರು. ಹೆಂಡತಿ ಇದೇ ಕಟ್ಟಡದಲ್ಲಿ ಎಲ್ಲಿ ಕೆಲಸ ಮಾಡುತ್ತಾಳೆಂದು ಗೊತ್ತಿಲ್ಲದ ಗಂಡ. ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ ಏನೋ ಸರಿಮಾಡುತ್ತಿರುವವನಂತೆ ನಟಿಸಿದ.

"ಅಂಥಾ ಕೈ ಇತ್ತು ಅವರದು," ಎಂದರು ದೊಡ್ಡ ಸಿಸ್ಟರ್, ದನಿ ತಗ್ಗಿಸಿ. "ಸೂಜಿ ಚುಚ್ಚಿದ್ದು ಪೇಷೆಂಟಿಗೆ ಗೊತ್ತೇ ಆಗ್ತಿರ್ಲಿಲ್ಲ. ಅವರಾಗೇ ಬಂದು, ನಂಗೆ ಬೇಡ ಸಿಸ್ಟರ್, ಯಾರಿಗಾದ್ರೂ ಚುಚ್ಚಬಾರದ ಕಡೆ ಚುಚ್ಚಿಬಿಡ್ತೀನಿ ಅಂದ್ರು. ಇರ್ಲಿ ಬಿಡಿ, ಇವತ್ತು ನರದ ಡಾಕ್ಟರ್ ನೋಡ್ತಾರಲ್ಲ, ಊಟದ ಹೊತ್ತಾದ ಮೇಲೆ ಅಂದಿದ್ರು. ನೀವು ಜೊತೇಲಿ ಇರ್ತೀರಲ್ಲ, ಧೈರ್ಯ ಹೇಳಿ."

"ಇರ್ತೀನಿ," ಎಂದ.

ಮೆಟ್ಟಿಲಿಳಿದು ನೇರ ಅವಳ ಬಳಿ ಹೋಗಬೇಕಿತ್ತು. ಆದರೆ ಕಾಲು ತನ್ನ ಕೋಣೆಗೇ ಕರೆದೊಯ್ದಿತು. ಬಾಗಿಲು ಹಾಕಿಕೊಂಡು ಕೂತ. ಏನೆಂದು ಹೋಗುವುದು? ನೀನು ಇಲ್ಲಿರುವುದು ಗೊತ್ತಿರಲಿಲ್ಲ ಎಂದೇ? ಅವಳು ಹೇಳಿಯೇ ಇಲ್ಲವೆಂದು ಕೋಪ ಮಾಡಿಕೊಳ್ಳಲು ನೋಡಿದ, ಕೋಪ ಬಂದರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ಹೇಳಿದ್ದಳು. ಈಗ ಒಂದೊಂದಾಗಿ ಬರತೊಡಗಿತು. 'ರೀ, ನನ್ನ ಬಲಗೈ ಯಾಕೋ' ಎಂದು ಅವಳು ಶುರುಮಾಡಿದ್ದು, ತಾನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ 'ಸರಿಯಾಗಿ ನಿದ್ದೆ ಮಾಡು, ಎಲ್ಲಾ ಸರಿಹೋಗತ್ತೆ' ಎಂದದ್ದು. 'ಅರ್ಧ ಲೋಟ ಸಾಕು ರೀ' ಎಂದದ್ದು; ತಾನು 'ಏನು ಡಯಟ್ಟಾ' ಎಂದು ಚೇಷ್ಟೆ ಮಾಡಿ ಮತ್ತೆ ಅಂಚಿನವರೆಗೆ ತುಂಬಿಸಿದ್ದು. ತುಂಬಿದ ಲೋಟ ಎತ್ತಿದರೆ ತುಳುಕುತ್ತದೆ. ತುಳುಕುವುದನ್ನು ತಾನು ನೋಡಬಾರದು. ಅದಕ್ಕೇ ಅಲ್ಲೇ ಇಡಿ, ಕುಡೀತೀನಿ. ತಾನು ಹೋದ ಮೇಲೆ ಚೆಲ್ಲಿ, ಲೋಟ ತೊಳೆದಿಡುತ್ತಿದ್ದಳು. ದಿನಾ.

ಅತ್ತಿಗೆ ಫೋನ್ ಮಾಡಿದಾಗ ಕೇಳಿದ್ದರು, ಈಗ ಅವಳ ಕೈ ಹೇಗಿದೆ ಎಂದು. ಅಡುಗೆಮನೆಯಲ್ಲಿ ಎಲ್ಲೋ ಸುಟ್ಟುಕೊಂಡಿದ್ದ ವಿಷಯವಿರಬೇಕೆಂದುಕೊಂಡು ಅವನು 'ಚೆನ್ನಾಗಿದೆ ಅತ್ತಿಗೆ' ಎಂದಿದ್ದ. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಒಂದು ಮಾತು ಕೂಗಿ ಕೇಳಿದ್ದರೆ ಆಗುತ್ತಿತ್ತು. ಹೇಗಿದ್ದಾಳೆ ಎಂದು ಯಾರು ಕೇಳಿದರೂ ಚೆನ್ನಾಗಿದ್ದಾಳೆ. ಕೇಳಿದವರಿಗೆ ಸಂತೋಷ, ತನಗೆ ಕೆಲಸ ಕಡಿಮೆ. ಕಪಾಟಿನಲ್ಲಿ ಹಸಿರು ದೀಪ ಅದರ ಪಾಡಿಗೆ ಮಿಟುಕುತ್ತಿತ್ತು. ಅದನ್ನು ನೋಡಲಾರದೆ ಬೇರೆ ಕಡೆ ತಿರುಗಿದ. ಯಂತ್ರವಾದರೂ ಗಡುವು ಮುಗಿದ ಮೇಲೆ ಹೋಗಿ ಕೇಳುತ್ತದೆ. ತಾನು ಯಾವ ಗಡುವನ್ನೂ ಇಟ್ಟುಕೊಂಡಿರಲಿಲ್ಲ.

ಕೈ ತಾನಾಗಿ ಕೆಲಸಕ್ಕಿಳಿಯಿತು. ಅರ್ಧವೆಂದಿದ್ದ ಪಾಲನ್ನು ಅಳಿಸಿದ. ಹತ್ತನೆಯ ಒಂದು ಎಂದು ಬರೆಯಬೇಕಿತ್ತು, ಅದೇ ವಾಡಿಕೆ. ಆದರೆ ಸೊನ್ನೆ ಎಂದು ಬರೆದ. ಇನ್ನು ಏನೂ ಹೇಳದೆ ಬರುವ ಪುಟಗಳನ್ನೆಲ್ಲ ಪ್ರತಿಸಲವೂ ಮೂಲಕ್ಕೆ ಹೋಗಿ ಕೇಳಿಯೇ ಕೊಡಬೇಕು. ಹುಚ್ಚು ಕೆಲಸ, ಇಡೀ ಆಸ್ಪತ್ರೆ ತೆವಳುತ್ತದೆ, ಗೊತ್ತಿತ್ತು. ಫೋನ್ ನಂಬರಿನ ಪುಟವನ್ನು ಮತ್ತೆ ತೆರೆದ. ಬಹಳ ಹೊತ್ತು ಖಾಲಿ ಪರದೆ. ಆಮೇಲೆ ಬಂತು. ಡಯಾಲಿಸಿಸ್ ವಿಭಾಗದಲ್ಲಿ ಅವಳ ಹೆಸರಿರಲಿಲ್ಲ. ಕೆಳಗೆ, ತೀರಾ ಕೆಳಗೆ, ಉಗ್ರಾಣಕ್ಕಿಂತ ಸ್ವಲ್ಪ ಮೇಲೆ ಇತ್ತು. ಊಟದ ಹೊತ್ತಾಗಿಬಿಟ್ಟಿದೆಯೇ ಎಂದು ಗಾಬರಿಯಾಗಿ ಎದ್ದ. ಅವಳು ಆ ಡಾಕ್ಟರ ಕೋಣೆಗೆ ಒಬ್ಬಳೇ ಹೋಗಿ, ಒಬ್ಬಳೇ ಕೇಳಿಸಿಕೊಂಡು, ಸಂಜೆ ಮನೆಗೆ ಬಂದು 'ಏನಿಲ್ಲ' ಎಂದರೆ ತಾನು ಅದನ್ನೂ ನಂಬುತ್ತೇನೆ. ನಂಬಿ ಹಾಗೇ ಇದ್ದುಬಿಡುತ್ತೇನೆ. ಹಾಗಾದರೆ ಮತ್ತೆಂದೂ ಅವಳು ಹೇಳುವುದಿಲ್ಲ. ಕಾರಿಡಾರಿನಲ್ಲಿ ಅವನು ಹೆಚ್ಚುಕಡಿಮೆ ಓಡುತ್ತಿದ್ದ. ಎದುರು ಬಂದ ಸೂಪರಿಂಟೆಂಡೆಂಟರು ಬಾಯಿ ತೆರೆಯುವಷ್ಟರಲ್ಲಿ ದಾಟಿಹೋಗಿದ್ದ.

ಸ್ಟೆರೈಲ್ ರೂಮಿನಲ್ಲಿ ಹಬೆ ತುಂಬಿತ್ತು. ಕತ್ತರಿ, ಚಿಮ್ಮಟಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ದೊಡ್ಡ ಉಕ್ಕಿನ ಯಂತ್ರದಲ್ಲಿ ಬೇಯಿಸಿ ತೆಗೆಯುವ ಜಾಗ. ಅವಳು ಮೂಲೆಯ ಮೇಜಿನೆದುರು ಸ್ಟೂಲಿನ ಮೇಲೆ ಕೂತು ಬೆಂದು ಬಂದ ಗಂಟುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಬಿಚ್ಚದೆ ಇಟ್ಟಿದ್ದರೂ ಈ ದಿನದ ಮೇಲೆ ಇದನ್ನು ನಂಬಬೇಡಿ ಎಂದು ತಾರೀಖು ಹೊಡೆದ ಚೀಟಿಗಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದು ಅಂಟಿಸುತ್ತಿದ್ದಳು. ಅವನನ್ನು ಕಂಡೊಡನೆ ಬಲಗೈ ಮೇಜಿನ ಕೆಳಗೆ ಹೋಯಿತು. ಆ ಚಲನೆಯಲ್ಲಿದ್ದ ಅಭ್ಯಾಸ ಅವನ ಎದೆಗೆ ನಾಟಿತು. ಮನೆಯಲ್ಲೂ ಆ ಕೈ ಹೀಗೇ ಸೆರಗಿನೊಳಗೆ, ದಿಂಬಿನ ಕೆಳಗೆ ಹೋಗುತ್ತಿತ್ತು. ಅವನು ನೋಡಿದ್ದ. ನೋಡಿಯೂ ನೋಡಿರಲಿಲ್ಲ.

"ಏನ್ರೀ, ಇಲ್ಲಿ? ಯಾವ ಕಂಪ್ಯೂಟರ್ ಕೆಟ್ಟೋಯ್ತು?"

"ಯಾವುದೂ ಇಲ್ಲ. ಹೇಗಿದೀಯ?"

"ಚೆನ್ನಾಗೇ ಇದೀನಲ್ಲ."

ತಟ್ಟನೆ ಬಂತು ಉತ್ತರ. ಅಷ್ಟು ಬೇಗ ಬರುವ ಉತ್ತರ ಎಲ್ಲಿಂದ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು. ಅವಳೂ ಅವನ ಹಳೆಯ ಪ್ರತಿಯೊಂದನ್ನು ಇಟ್ಟುಕೊಂಡಿದ್ದಳು. ಕೇಳುವುದು ಮಾತಿಗೆ, ಕೇಳಿ ಹೋಗಿಬಿಡುವವನು, ಇವನಿಗೆ ಇಷ್ಟು ಸಾಕು. ಆ ಪ್ರತಿ ಸುಳ್ಳೂ ಆಗಿರಲಿಲ್ಲ. ಒಂದು ಕ್ಷಣ ಸರಿ ಎಂದು ಹೊರಟುಬಿಡುವ ಆಸೆಯಾಯಿತು. ಅದು ಎಷ್ಟು ಬಲವಾಗಿತ್ತೆಂದರೆ ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಕೂತ.

"ಡಾಕ್ಟರ್ ಹತ್ರ ನಾನೂ ಬರ್ತೀನಿ."

ಅವಳು ಚೀಟಿಯ ಸುರುಳಿಯನ್ನು ಕೆಳಗಿಟ್ಟಳು. "ಯಾರು ಹೇಳಿದ್ದು?"

"ದೊಡ್ಡ ಸಿಸ್ಟರ್."

"ನಾನೂ ಹೇಳಿದ್ದೆ."

"ಗೊತ್ತು."

"ಇಲ್ಲಿಗೆ ಬಂದಿದ್ದೂ ಹೇಳಿದ್ದೆ. ನೀವು ಹೂಂ ಅಂದ್ರಿ. ಈಗ ಪರವಾಗಿಲ್ಲ ಅಂದ್ರಂತಲ್ಲ ಸೂಪರಿಂಟೆಂಡೆಂಟ್, ಅವತ್ತೇ. ನೀವು ಅಷ್ಟು ಖುಷೀಲಿದ್ರಿ. ಆಮೇಲೆ ನಾನು ಮತ್ತೆ ಹೇಳೋಕೆ ಹೋಗ್ಲಿಲ್ಲ." ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಈಗ ಹೇಳು. ಮೊದಲಿಂದ ಹೇಳು, ಎಲ್ಲಾ."

"ಮೊದಲಿಂದ ಅಂದ್ರೆ ಎಲ್ಲಿಂದ?" ಅವಳು ನಕ್ಕಳು, ಅವನು ಕಲ್ಪಿಸಿಕೊಂಡಿದ್ದ ನಗುವಲ್ಲ ಅದು. "ನಿಮಗೆ ಎಲ್ಲೀವರೆಗೆ ಗೊತ್ತಿದೆ? ಅದನ್ನ ಹೇಳಿ, ಅಲ್ಲಿಂದ ಮುಂದಕ್ಕೆ ಹೇಳ್ತೀನಿ."

ಹಬೆಯ ಯಂತ್ರ ಉಸಿರು ಬಿಟ್ಟು ಸುಮ್ಮನಾಯಿತು. ತನ್ನ ಬಳಿ ಇರುವ ಪ್ರತಿ ಯಾವ ದಿನದ್ದು? ಇವಳನ್ನು ತಾನು ನಿಜವಾಗಿ ನೋಡಿದ್ದು, ಕೇಳಿದ್ದು ಕೊನೆಯ ಸಲ ಯಾವಾಗ? ಹಿಂದೆ ಹಿಂದೆ ಹೋದ. ಚಹಾದ ಲೋಟಗಳು, ಫೋನಿನ ಮಾತುಗಳು, ಬೆನ್ನು ತಿರುಗಿಸಿ ಮಲಗಿದ ರಾತ್ರಿಗಳು. ಎಲ್ಲದರಲ್ಲೂ ಅವಳಿದ್ದಳು, ಯಾವುದರಲ್ಲೂ ಅವಳ ಮುಖವಿರಲಿಲ್ಲ. ಕೊನೆಗೆ ಕಿಟಕಿಯ ಬೆಳಕು ಸಿಕ್ಕಿತು. ಮುಳುಗುವವನಿಗೆ ನೆಲ ಸಿಕ್ಕಂತೆ ಅದನ್ನು ಹಿಡಿದುಕೊಂಡ.

"ಹಸಿರು ಸ್ವೆಟರ್ ಹೆಣೀತಿದ್ದೆಯಲ್ಲ," ಎಂದ. "ಬಿಚ್ಚಿ ಬಿಚ್ಚಿ ಮತ್ತೆ ಹೆಣೀತಿದ್ದೆ. ಉಂಡೆ ಉರುಳಿ ಮಂಚದ ಕೆಳಗೆ ಹೋಯ್ತು, ನಾನು ತಂದುಕೊಟ್ಟೆ. ಅಲ್ಲೀವರೆಗೆ ಗೊತ್ತು. ಅವತ್ತು ನೀನು ಚೆನ್ನಾಗಿದ್ದೆ. ಅದು ನಂಗೆ ಖಂಡಿತ ಗೊತ್ತು."

ಅವಳು ಅವನ ಮುಖವನ್ನೇ ನೋಡಿದಳು. ಅವನ ಜೇಬಿನಲ್ಲಿ ಮೊಬೈಲು ಹೊಡೆದುಕೊಳ್ಳತೊಡಗಿತು. ನೆಟ್ ಸತ್ತುಹೋಗಿದೆಯೆಂದು ದೂರುವವರು, ಬಹುಶಃ ಸೂಪರಿಂಟೆಂಡೆಂಟರೇ. ಅವನು ತೆಗೆದು ನೋಡದೆಯೇ ಅದರ ಬಾಯಿ ಮುಚ್ಚಿಸಿದ. ಆಗ ಅವಳ ಬಲಗೈ ಮೇಜಿನ ಕೆಳಗಿನಿಂದ ಮೇಲೆ ಬಂತು. ಅಡಗಿಸುವ ಪ್ರಯತ್ನ ಬಿಟ್ಟು ಅದನ್ನು ಗಂಟುಗಳ ನಡುವೆ ಇಟ್ಟಳು. ಬೆರಳುಗಳು ಅವಳ ಅಪ್ಪಣೆಯಿಲ್ಲದೆ ಅಲುಗುತ್ತಿದ್ದವು, ಬಿಡದೆ, ಮೆಲ್ಲಗೆ.

"ಯಾಕೆ ಬಿಚ್ತಿದ್ದೆ ಅಂದ್ಕೊಂಡಿದ್ರಿ?" ಎಂದು ಕೇಳಿದಳು. "ಕುಣಿಕೆ ಜಾರಿ ಜಾರಿ ಹೋಗ್ತಿತ್ತು ರೀ. ಬೆರಳು ಮಾತೇ ಕೇಳ್ತಿರ್ಲಿಲ್ಲ. ಉಂಡೆ ಉರುಳಿ ಹೋಗಿದ್ದಲ್ಲ, ನನ್ನ ಕೈಯಿಂದ ಬಿದ್ದಿದ್ದು."

ಅವನು ತನ್ನ ಕೈಯನ್ನು ಅವಳ ಕೈಯ ಮೇಲಿಟ್ಟ. ನಡುಕ ನಿಲ್ಲಲಿಲ್ಲ, ಅವನ ಅಂಗೈಗೂ ಬಂತು.

"ಸರಿ, ಹಾಗಾದ್ರೆ ಅಲ್ಲಿಂದಲೇ ಶುರುಮಾಡ್ತೀನಿ," ಎಂದಳು ಅವಳು. "ನೀವು ಮಂಚದ ಕೆಳಗೆ ಹೋದ್ರಲ್ಲ, ಅಷ್ಟರಲ್ಲಿ ನಾನು ಕಣ್ಣು ಒರೆಸ್ಕೊಂಡೆ."